ನಕ್ಷೆಯಲ್ಲಿ ಮೇಲಕ್ಕೆ ಹರಿಯುವ ತುಂಗಭದ್ರೆ

ನಾಲ್ಕನೇ ತರಗತಿಯ ಗೋಡೆಗೆ ತೂಗುಹಾಕಿದ್ದ ಕರ್ನಾಟಕದ ನಕ್ಷೆಯಲ್ಲಿ ತುಂಗಭದ್ರೆಯ ನೀಲಿ ಗೆರೆಯನ್ನು ಕೋಲಿನಿಂದ ತೋರಿಸುತ್ತಿದ್ದೆ. ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ, ಹರಿಹರವನ್ನು ದಾಟಿ, ಹೊಸಪೇಟೆಯ ಅಣೆಕಟ್ಟಿಗೆ ಬಂದು, ಅಲ್ಲಿಂದ ನಮ್ಮ ಊರಿನ ಮಗ್ಗುಲಲ್ಲಿ ಹಾದು ರಾಯಚೂರು ಜಿಲ್ಲೆಯ ಕಡೆಗೆ ಹೋಗುತ್ತವೆ ಎಂದು ವಿವರಿಸುತ್ತಿದ್ದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್ರೀ, ನೀರು ತೆಳಗಿಂದ ಮ್ಯಾಲಕ್ಕ ಹೆಂಗ ಹತ್ತತೈತ್ರಿ?" ಎಂದು ಕೇಳಿದಳು. ಅವಳ ತಂದೆ ಭತ್ತದ ಗದ್ದೆಗಳಿಗೆ ನೀರು ಹಾಯಿಸುವವರು. ಒಂದು ಮಡಿಯಿಂದ ಮತ್ತೊಂದು ಮಡಿಗೆ ನೀರು ಇಳಿಯಬೇಕಾದರೆ ಬದುವನ್ನು ಎಲ್ಲಿ ಕಡಿಯಬೇಕು ಎಂಬುದನ್ನು ಎಂಟನೆಯ ವಯಸ್ಸಿಗೇ ಕಣ್ಣಾರೆ ನೋಡಿ ತಿಳಿದವಳು ಅವಳು. ಅಂಥ ಹುಡುಗಿಯ ಮುಂದೆ ನಾನು ನದಿಯನ್ನು ಗೋಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಹತ್ತಿಸಿದ್ದೆ.

ನಕ್ಷೆಯಲ್ಲಿ ಮೇಲೆ ಎಂದರೆ ಉತ್ತರ, ಎತ್ತರವಲ್ಲ ಎಂದು ಅಂದು ಹೇಳಿದೆ. ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು, ಆದರೆ ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ. ಮನೆಗೆ ಬಂದ ಮೇಲೆ ಯೋಚಿಸಿದಾಗ ತಪ್ಪು ಅವಳದ್ದಲ್ಲ ಎಂಬುದು ಸ್ಪಷ್ಟವಾಯಿತು. ನಮ್ಮ ಊರಿನಲ್ಲಿ ಮ್ಯಾಲಿನ ಓಣಿ ಇದೆ, ಕೆಳಗಿನ ಓಣಿ ಇದೆ. ಮಳೆಯ ನೀರು ಮ್ಯಾಲಿನ ಓಣಿಯಿಂದ ಕೆಳಗಿನ ಓಣಿಗೆ ಹರಿದು ಬರುತ್ತದೆ, ಎಂದೂ ಹಿಂದಿರುಗಿ ಹೋಗುವುದಿಲ್ಲ. ಮೇಲೆ, ಕೆಳಗೆ ಎಂಬ ಮಾತುಗಳಿಗೆ ಮಗು ಹುಟ್ಟಿನಿಂದ ಕಲಿತ ಅರ್ಥ ಇದು. ಆ ಅರ್ಥವನ್ನು ಬಿಡಿಸದೆ ಅದರ ಮೇಲೆಯೇ ಮತ್ತೊಂದು ಅರ್ಥವನ್ನು ಹೇರಿ, ಮಗುವಿಗೆ ಭೂಗೋಳ ತಿಳಿಯುವುದಿಲ್ಲ ಎಂದು ನಾವು ಹೇಳುತ್ತೇವೆ. ಅಂದಿನಿಂದ ತರಗತಿಯಲ್ಲಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾ ಬಂದಿದ್ದೇನೆ. ನಕ್ಷೆಯ ವಿಷಯ ಬಂದಾಗ ಮೇಲೆ, ಕೆಳಗೆ ಎಂಬ ಪದಗಳನ್ನು ನಾನು ಬಳಸುವುದಿಲ್ಲ, ಮಕ್ಕಳು ಬಳಸಿದರೆ ತಿದ್ದುತ್ತೇನೆ. ಕಾಗದದ ಅಂಚುಗಳಿಗೆ ಉತ್ತರ, ದಕ್ಷಿಣ ಎನ್ನುವುದು, ನೆಲಕ್ಕೆ ಎತ್ತರ, ತಗ್ಗು ಎನ್ನುವುದು ನಮ್ಮ ರೂಢಿಯಾಗಿದೆ.

ಮರುದಿನ ನಕ್ಷೆಯನ್ನು ಗೋಡೆಯಿಂದ ಇಳಿಸಿ ವರಾಂಡದ ನೆಲದ ಮೇಲೆ ಹಾಸಿದೆವು. ನಮ್ಮ ಶಾಲೆ ಗಂಗಾವತಿ ತಾಲ್ಲೂಕಿನಲ್ಲಿ, ನದಿಯ ಎಡದಂಡೆಗೆ ಹತ್ತಿರದಲ್ಲಿದೆ. ಅಂದರೆ ನಮಗೆ ನದಿ ದಕ್ಷಿಣಕ್ಕೆ, ಹಂಪಿ ನದಿಯ ಆಚೆಗೆ. ನಕ್ಷೆಯ ದಕ್ಷಿಣದ ಅಂಚು ನಿಜವಾದ ದಕ್ಷಿಣಕ್ಕೆ ಬರುವಂತೆ ಹಾಳೆಯನ್ನು ತಿರುಗಿಸಿದಾಗ, ಕಾಗದದ ಮೇಲಿನ ನದಿಯೂ ನೆಲದ ಮೇಲಿನ ನದಿಯೂ ಒಂದೇ ಕಡೆಗೆ ಮುಖ ಮಾಡಿದವು. ಬಳಿಕ ಅಂಗಳಕ್ಕೆ ಹೋಗಿ ಹಸಿ ಮರಳಿನಲ್ಲಿ ನಮ್ಮ ರಾಜ್ಯವನ್ನು ಮಾಡಿದೆವು. ಪಶ್ಚಿಮದ ಅಂಚಿಗೆ ಮೊಣಕಾಲೆತ್ತರದ ಸಹ್ಯಾದ್ರಿಯ ಸಾಲನ್ನು ಒಟ್ಟಿ, ಅಲ್ಲಿಂದ ಪೂರ್ವಕ್ಕೆ ಇಳಿಜಾರು ಬರುವಂತೆ ಮರಳನ್ನು ಸವರಿ, ಅದೇ ಹುಡುಗಿಯ ಕೈಗೆ ಚೊಂಬನ್ನು ಕೊಟ್ಟು ನೈಋತ್ಯದ ಮೂಲೆಯಲ್ಲಿ ನಿಲ್ಲಿಸಿದೆ. ಅವಳು ಸುರಿದ ನೀರು ಸ್ವಲ್ಪ ಹೊತ್ತು ಮರಳಿನಲ್ಲಿ ಇಂಗಿ, ಆಮೇಲೆ ದಾರಿ ಮಾಡಿಕೊಂಡು ಈಶಾನ್ಯಕ್ಕೆ ಹರಿಯತೊಡಗಿತು. ರಾಯಚೂರು ಎಂದು ಗುರುತಿಟ್ಟ ಕಡ್ಡಿಯನ್ನು ಮುಟ್ಟಿದಾಗ ಮಕ್ಕಳೆಲ್ಲ ಕೂಗಿದರು. ಅರಬ್ಬಿ ಸಮುದ್ರಕ್ಕೆ ಅಷ್ಟು ಹತ್ತಿರದ ಗಂಗಾಮೂಲದಲ್ಲಿ ಹುಟ್ಟಿದ ನೀರು ಪೂರ್ವಕ್ಕೆ ತಿರುಗಿ, ಕೃಷ್ಣೆಯನ್ನು ಕೂಡಿ, ಬಂಗಾಳ ಕೊಲ್ಲಿಯನ್ನು ಸೇರುವುದು ಏಕೆ ಎಂಬುದನ್ನು ಆ ಮೊಣಕಾಲೆತ್ತರದ ಮರಳಿನ ದಿಣ್ಣೆ ನನಗಿಂತ ಚೆನ್ನಾಗಿ ಹೇಳಿತು.

ಇಲ್ಲಿಂದ ಮುಂದೆ ನಾನು ಪಾಠದ ಕ್ರಮವನ್ನೇ ಬದಲಿಸಿದೆ. ಅಚ್ಚಾದ ನಕ್ಷೆಯನ್ನು ಕೊನೆಗೆ ಇಟ್ಟುಕೊಂಡು, ಮಗು ತಾನು ನಡೆದಾಡಿದ ನೆಲದ ನಕ್ಷೆಯನ್ನು ತಾನೇ ಮೊದಲು ಬರೆಯಬೇಕು ಎಂದು ನಿಶ್ಚಯಿಸಿದೆ. ನೆಲವನ್ನು ಮೇಲಿನಿಂದ ನೋಡುವ ಬಗೆಯನ್ನು ಕಲಿಸಲು ನಮ್ಮ ಭಾಗದಷ್ಟು ಅನುಕೂಲವಾದ ಜಾಗ ಬೇರೊಂದಿಲ್ಲ. ಯಾವ ಊರಿನ ಬೆನ್ನಿಗಾದರೂ ಒಂದು ಕಲ್ಲುಗುಡ್ಡ ಇದ್ದೇ ಇರುತ್ತದೆ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತಿದ ಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ, ಆದರೆ ಅವರು ದೇವರ ದರ್ಶನಕ್ಕೆ ಹೋದವರು, ನೆಲವನ್ನು ನೋಡಲು ಹೋದವರಲ್ಲ. ಶಾಲೆಯ ಹಿಂದಿನ ಸಣ್ಣ ಗುಡ್ಡಕ್ಕೆ ಬೆಳಗಿನ ತಂಪಿನಲ್ಲಿ ಅವರನ್ನು ಕರೆದುಕೊಂಡು ಹೋಗಿ, ಬಂಡೆಯ ನೆತ್ತಿಯ ಮೇಲೆ ಕೂಡಿಸಿ, ಕೆಳಗಿನ ಶಾಲೆಯನ್ನು ಬರೆಯಲು ಹೇಳಿದೆ. ದಿನವೂ ನೋಡುವ ಬಾಗಿಲು, ಕಿಟಕಿ, ಗೋಡೆಯ ಮೇಲಿನ ಬರಹ ಯಾವುದೂ ಅಲ್ಲಿಂದ ಕಾಣುವುದಿಲ್ಲ. ಕಾಣುವುದು ಮಾಳಿಗೆಯ ಚೌಕ, ಅದರ ಮೂಲೆಯಲ್ಲಿ ನೀರಿನ ಟ್ಯಾಂಕಿನ ಕರಿಯ ದುಂಡು, ಬೇವಿನ ಮರದ ಹಸಿರು ಗುಪ್ಪೆ. ಒಬ್ಬ ಹುಡುಗ ಮಾಳಿಗೆಯನ್ನು ಮೇಲಿನಿಂದ ಕಂಡಂತೆ ಬರೆದು, ಬೇವಿನ ಮರವನ್ನು ಮಾತ್ರ ಕಾಂಡ, ಕೊಂಬೆಗಳ ಸಮೇತ ನಿಲ್ಲಿಸಿದ್ದ. ನಾನು ಅದನ್ನು ಅಳಿಸಲಿಲ್ಲ. ಮರವನ್ನು ಅವನು ಹತ್ತಿ ಇಳಿದು ಬಲ್ಲವನು, ಅದರ ಕಾಂಡವನ್ನು ಬಿಟ್ಟುಕೊಡಲು ಅವನಿಗೆ ಇನ್ನೂ ಕೆಲವು ತಿಂಗಳು ಬೇಕು.

ಅಳತೆಯ ಪಾಠ ಜಗಳದಿಂದ ಆರಂಭವಾಯಿತು. ಶಾಲೆಯ ಗೇಟಿನಿಂದ ಬಾವಿಕಟ್ಟೆಯವರೆಗೆ ಹೆಜ್ಜೆ ಎಣಿಸಿದ ಇಬ್ಬರಲ್ಲಿ ಒಬ್ಬನಿಗೆ ನಲವತ್ತೆರಡು, ಇನ್ನೊಬ್ಬನಿಗೆ ಐವತ್ತೊಂದು ಬಂದು, ಇಬ್ಬರೂ ಪರಸ್ಪರ ಸುಳ್ಳುಗಾರರೆಂದು ಕೂಗಾಡಿದರು. ಇಬ್ಬರನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ಒಂದೊಂದು ಹೆಜ್ಜೆ ಇಡಿಸಿದಾಗ ಉಳಿದವರಿಗೇ ಕಾರಣ ಹೊಳೆಯಿತು. ಅನಂತರ ಮೀಟರಿಗೊಂದು ಗಂಟು ಹಾಕಿದ ಹಗ್ಗ ಬಂದಿತು, ಹತ್ತು ಗಂಟಿಗೆ ಒಂದು ಬೆಂಕಿಕಡ್ಡಿ ಎಂಬ ಒಪ್ಪಂದವಾಯಿತು. ನೆಲದ ಏರಿಳಿತವನ್ನೂ ಹಳ್ಳಕೊಳ್ಳಗಳನ್ನೂ ವಿವರವಾಗಿ ತೋರಿಸುವ, ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆಯಾದ ಟೋಪೋಶೀಟಿನಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಎಂದು ಮುಂದೆ ಓದಿದಾಗ, ಅವರು ಅದನ್ನು ಬೆಂಕಿಕಡ್ಡಿಯ ಒಪ್ಪಂದದಂಥದೇ ಇನ್ನೊಂದು ಒಪ್ಪಂದವೆಂದು ಒಪ್ಪಿಕೊಂಡರು.

ದಿಕ್ಕುಗಳ ವಿಷಯದಲ್ಲಿ ಶಿಕ್ಷಕರಿಗೆ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಎಂದು ನಾನು ಅನೇಕ ವರ್ಷ ಹೇಳಿಕೊಟ್ಟಿದ್ದೆ. ಶಾಲೆ ತೆರೆದ ಮೇಲೆ ಜೂನ್ ತಿಂಗಳಲ್ಲಿ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟು ನೋಡಿದಾಗ ನೆರಳು ದಕ್ಷಿಣಕ್ಕೆ ಬಿದ್ದಿತ್ತು. ನಮ್ಮ ಭಾಗ ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಆರಂಭದಲ್ಲಿ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ ತಿಂಗಳಲ್ಲಿ ಮತ್ತೆ ನೆತ್ತಿಗೆ ಬಂದು ದಕ್ಷಿಣಕ್ಕೆ ಸರಿಯುತ್ತಾನೆ. ಈ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೇ ಬೀಳುತ್ತದೆ. ಜೂನ್ 21ರ ಸುಮಾರಿಗೆ ಮೀಟರ್ ಕೋಲಿನ ನೆರಳು ಹದಿನಾಲ್ಕು ಸೆಂಟಿಮೀಟರ್ ಮಾತ್ರ. ಅದೇ ಕೋಲಿಗೆ ಡಿಸೆಂಬರಿನಲ್ಲಿ ಉತ್ತರದ ಕಡೆಗೆ ಎಂಬತ್ತು ಸೆಂಟಿಮೀಟರಿನ ನೆರಳು ಬೀಳುತ್ತದೆ. ಅಲ್ಲದೆ ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ನಮ್ಮಲ್ಲಿ ನಡುಹಗಲು ಆಗಿರುವುದಿಲ್ಲ. ಭಾರತದ ಕಾಲಮಾನ ನಮಗಿಂತ ಪೂರ್ವದ 82½ ಡಿಗ್ರಿ ರೇಖಾಂಶಕ್ಕೆ ಸೇರಿದ್ದರಿಂದ, ಜೂನ್ ಮತ್ತು ಡಿಸೆಂಬರಿನಲ್ಲಿ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷದ ಆಸುಪಾಸಿನಲ್ಲಿ ನೆರಳು ಅತಿ ಚಿಕ್ಕದಾಗುತ್ತದೆ. ಮಕ್ಕಳು ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಹುಣಸೆ ಬೀಜವನ್ನು ಇಡುತ್ತಾ ಹೋದರೆ, ಅತಿ ಚಿಕ್ಕ ನೆರಳಿನ ಬೀಜವೂ ಕೋಲಿನ ಬುಡವೂ ಸೇರಿ ಉತ್ತರ ದಕ್ಷಿಣದ ಗೆರೆಯನ್ನು ತಾವೇ ಹಾಕಿಕೊಡುತ್ತವೆ. ಪುಸ್ತಕದ ಒಂದು ವಾಕ್ಯವನ್ನು ಅಂಗಳದಲ್ಲಿ ಪರೀಕ್ಷಿಸದೆ ಇಷ್ಟು ವರ್ಷ ಹೇಳಿಕೊಟ್ಟೆನಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಭೂಸ್ವರೂಪಗಳ ಹೆಸರುಗಳನ್ನು ಕಲಿಸುವಾಗ ಮಕ್ಕಳ ಮನೆಯ ಮಾತಿನಿಂದಲೇ ಆರಂಭಿಸಬೇಕು ಎಂದು ನಾನು ನಂಬಿದ್ದೇನೆ. ದ್ವೀಪ ಎಂದರೆ ಸುತ್ತಲೂ ನೀರಿರುವ ಭೂಭಾಗ ಎಂದು ಬಾಯಿಪಾಠ ಮಾಡಿದ ಮಗು, ದ್ವೀಪವನ್ನು ನೋಡಿದ್ದೀಯಾ ಎಂದು ಕೇಳಿದರೆ ಇಲ್ಲ ಎನ್ನುತ್ತದೆ. ಗಡ್ಡೆಯನ್ನು ನೋಡಿದ್ದೀಯಾ ಎಂದರೆ, ಆನೆಗುಂದಿಯ ಹತ್ತಿರ ದೋಣಿಯಲ್ಲಿ ಕುಳಿತು ನವವೃಂದಾವನದ ಗಡ್ಡೆಗೆ ಹೋಗಿಬಂದ ಕಥೆಯನ್ನು ಅರ್ಧ ಗಂಟೆ ಹೇಳುತ್ತದೆ. ವಿರೂಪಾಪುರಗಡ್ಡೆಯೂ ಅಂಥದೇ, ರಾಯಚೂರಿನ ಕಡೆ ಕೃಷ್ಣೆಯ ನಡುವಿನ ನಾರದಗಡ್ಡೆಯೂ ಅಂಥದೇ. ಹಳ್ಳ, ದಿನ್ನಿ, ಮಡು, ಕಣಿವೆ, ಎರೆ, ಮಸಾರಿ ಎಂದು ನಮ್ಮವರು ದಿನವೂ ಆಡುವ ಮಾತುಗಳಲ್ಲಿ ಎಷ್ಟೋ ಭೂಗೋಳ ತುಂಬಿಕೊಂಡಿದೆ. ಪುಸ್ತಕದ ಪದವನ್ನು ಆ ಮಾತಿನ ಪಕ್ಕದಲ್ಲಿ ಬರೆದರೆ ಸಾಕು, ಅದು ತಾನಾಗಿ ನಿಲ್ಲುತ್ತದೆ.

ಗುಡ್ಡಗಳ ಮೇಲಿನ ದುಂಡು ಬಂಡೆಗಳ ಬಗ್ಗೆ ಪ್ರತಿವರ್ಷವೂ ಪ್ರಶ್ನೆ ಬರುತ್ತದೆ. ಒಂದರ ಮೇಲೊಂದು ಯಾರೋ ಎತ್ತಿಟ್ಟಂತೆ ಕಾಣುವ ಈ ಬಂಡೆಗಳನ್ನು ವಾನರರು ಎಸೆದಾಡಿದ್ದು ಎಂದು ಅಜ್ಜಿ ಹೇಳಿದ್ದನ್ನು ಮಕ್ಕಳು ತರಗತಿಗೆ ತರುತ್ತಾರೆ. ಕಿಷ್ಕಿಂಧೆಯೆಂದು ಹೆಸರಾದ ನಾಡಿನಲ್ಲಿ ಆ ಕಥೆ ಇರಲೇಬೇಕು, ಅದನ್ನು ಅಳಿಸುವುದು ನನ್ನ ಕೆಲಸವಲ್ಲ. ಬಂಡೆ ಹೇಗೆ ದುಂಡಗಾಯಿತು ಎಂಬುದನ್ನು ಮಾತ್ರ ನಾನು ಕೈಯಲ್ಲಿ ಮಾಡಿ ತೋರಿಸುತ್ತೇನೆ. ಅಚ್ಚು ಬೆಲ್ಲವನ್ನು ಈಳಿಗೆಯಿಂದ ಚೌಕ ಚೌಕವಾಗಿ ಕೊಯ್ದು, ತಟ್ಟೆಯಲ್ಲಿ ಎರಡು ಪದರವಾಗಿ ಒತ್ತೊತ್ತಾಗಿ ಜೋಡಿಸಿ, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ಹನಿಹನಿಯಾಗಿ ನೀರು ಬಿಡಬೇಕು. ನೀರು ಮೊದಲು ಸಂದುಗಳಿಗೆ ಇಳಿಯುತ್ತದೆ. ತುಂಡಿನ ಮೈಯನ್ನು ನೀರು ಒಂದೇ ಕಡೆಯಿಂದ ಮುಟ್ಟುತ್ತದೆ, ಅಂಚನ್ನು ಎರಡು ಕಡೆಯಿಂದ, ಮೂಲೆಯನ್ನು ಮೂರು ಕಡೆಯಿಂದ. ಆದ್ದರಿಂದ ಮೂಲೆ ಮೊದಲು ಕರಗುತ್ತದೆ, ಆಮೇಲೆ ಅಂಚು, ಹತ್ತು ನಿಮಿಷದಲ್ಲಿ ಚೌಕದ ತುಂಡುಗಳೆಲ್ಲ ದುಂಡಗಾಗಿ ಒಂದರ ಮೇಲೊಂದು ಕುಳಿತಿರುತ್ತವೆ. ಒಂದು ಹುಡುಗಿ ತಟ್ಟೆಯನ್ನು ನೋಡಿ, ಕಿಟಕಿಯಾಚೆಯ ಗುಡ್ಡವನ್ನು ನೋಡಿ, ಮತ್ತೆ ತಟ್ಟೆಯನ್ನು ನೋಡಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ನಮ್ಮ ಗ್ರಾನೈಟ್ ನೆಲದಾಳದಲ್ಲಿ ಕಾದ ದ್ರವವಾಗಿದ್ದು ತಣಿದು ಗಟ್ಟಿಯಾದ ಕಲ್ಲು, ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ತಣಿಯುವಾಗಲೂ, ಮೇಲಿನ ನೆಲದ ಭಾರ ಸವೆದು ಹೋದಾಗಲೂ ಅದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳು ಬಿದ್ದವು, ಬಿರುಕುಗಳಲ್ಲಿ ನೀರು ಇಳಿದು ಕಲ್ಲನ್ನು ಮೂಲೆಗಳಿಂದ ಗರಸು ಮಾಡಿತು. ಗರಸನ್ನು ಮಳೆ ತೊಳೆದೊಯ್ದ ಮೇಲೆ ಗಟ್ಟಿಯಾದ ತಿರುಳು ಮಾತ್ರ ದುಂಡಗೆ ಉಳಿಯಿತು. ಬೆಲ್ಲ ಕರಗುತ್ತದೆ, ಕಲ್ಲು ಹಾಗೆ ಕರಗುವುದಿಲ್ಲ, ಅದರೊಳಗಿನ ಕೆಲವು ಖನಿಜಗಳು ಜೇಡಿಯಾಗಿ ಮಾರ್ಪಡುತ್ತವೆ ಎಂಬ ವ್ಯತ್ಯಾಸವನ್ನೂ ಹೇಳಬೇಕು, ಇಲ್ಲವಾದರೆ ಮಳೆಗಾಲದಲ್ಲಿ ಗುಡ್ಡ ಕರಗೀತೆಂದು ಮಕ್ಕಳು ಕಾಯುತ್ತಾರೆ. ಪ್ರಯೋಗ ಮುಗಿದ ಮೇಲೆ ಗುಡ್ಡಗಳನ್ನು ಹಂಚಿಕೊಂಡು ತಿನ್ನುವುದು ಪಾಠದ ಭಾಗವೇ ಆಗಿದೆ.

ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ ತೀರ ಕಠಿಣ ಎಂದು ಕೆಲವು ಶಿಕ್ಷಕ ಮಿತ್ರರು ಹೇಳುತ್ತಾರೆ. ಪದ ಕಠಿಣ ಎಂಬುದನ್ನು ಒಪ್ಪುತ್ತೇನೆ, ವಿಷಯ ಕಠಿಣ ಎಂಬುದನ್ನು ಒಪ್ಪುವುದಿಲ್ಲ. ಭತ್ತದ ಮಡಿಯಲ್ಲಿ ನಿಂತ ನೀರು ಎಲ್ಲ ಕಡೆಯೂ ಒಂದೇ ಎತ್ತರದಲ್ಲಿರುತ್ತದೆ, ಇಳಿಜಾರಿನಲ್ಲಿ ಬದುಗಳು ಡೊಂಕಾಗಿ ಸಾಗುವುದು ಆ ಎತ್ತರವನ್ನು ಹಿಡಿದುಕೊಂಡೇ. ಅಣೆಕಟ್ಟಿನಿಂದ ಹೊರಟ ಎಡದಂಡೆ ಕಾಲುವೆ ನೇರವಾಗಿ ಹೋಗದೆ ಗುಡ್ಡಗಳನ್ನು ಬಳಸಿಕೊಂಡು ರಾಯಚೂರು ಜಿಲ್ಲೆಯವರೆಗೆ ಸಾಗುವುದೂ ಎತ್ತರವನ್ನು ಬೇಗನೆ ಕಳೆದುಕೊಳ್ಳದಿರಲೆಂದೇ. ಇಷ್ಟನ್ನು ಬಲ್ಲ ಮಕ್ಕಳಿಗೆ ಒಂದು ಬುಟ್ಟಿ, ಒಂದು ಮೊನಚು ಕಲ್ಲು, ಒಂದು ಸೀಮೆಸುಣ್ಣ ಸಾಕು. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕಲ್ಲನ್ನು ನಿಲ್ಲಿಸಿ, ಎರಡು ಬೆರಳಿನಷ್ಟು ನೀರು ಹಾಕಿ ನೀರಿನ ಅಂಚಿಗೆ ಗೆರೆ ಎಳೆದು, ಮತ್ತೆರಡು ಬೆರಳು ಹಾಕಿ ಇನ್ನೊಂದು ಗೆರೆ ಎಳೆಯುತ್ತಾ ಹೋಗಿ, ಕೊನೆಗೆ ನೀರನ್ನು ಚೆಲ್ಲಿ ಕಲ್ಲನ್ನು ನೆತ್ತಿಯ ಮೇಲಿನಿಂದ ನೋಡಿದರೆ, ಕಡಿದಾದ ಕಡೆ ಗೆರೆಗಳು ಒತ್ತಾಗಿಯೂ ಇಳಿಜಾರು ಸಾವಕಾಶವಾಗಿರುವ ಕಡೆ ಅಗಲವಾಗಿಯೂ ಕಾಣುತ್ತವೆ. ಒದ್ದೆ ಕಲ್ಲಿನ ಮೇಲೆ ಸೀಮೆಸುಣ್ಣ ಹತ್ತುವುದಿಲ್ಲ ಎಂದು ಮೊದಲ ಸಲ ತಿಳಿಯಿತು, ಆದ್ದರಿಂದ ಗೆರೆಯನ್ನು ನೀರಿಗಿಂತ ಕೂದಲೆಳೆಯಷ್ಟು ಮೇಲೆ, ಒಣ ಮೈಗೆ ಎಳೆಯಬೇಕು.

ಇದಾದ ಮೇಲೆ ಜಲಾಶಯದ ಮಾತು ಬಂದಿತು. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ತುಂಗಭದ್ರಾ ಜಲಾಶಯದ ಗರಿಷ್ಠ ಮಟ್ಟ 1,633 ಅಡಿ ಎಂದು ಪ್ರಕಟಿಸುತ್ತವೆ. ಅಷ್ಟು ಆಳದ ನೀರಿದೆ ಎಂದು ನಂಬಿದ ದೊಡ್ಡವರನ್ನೂ ನಾನು ಬಲ್ಲೆ. ಅಣೆಕಟ್ಟಿನ ಎತ್ತರವೇ ಸುಮಾರು 49 ಮೀಟರ್. 1,633 ಅಡಿ ಎಂಬುದು ಸಮುದ್ರ ಮಟ್ಟದಿಂದ ಅಳೆದ ಎತ್ತರ. ಜಲಾಶಯ ತುಂಬಿದ ದಿನ ಹಿನ್ನೀರಿನ ಅಂಚು ಎಲ್ಲೆಲ್ಲಿ ನೆಲವನ್ನು ಮುಟ್ಟುತ್ತದೆಯೋ ಅಲ್ಲೆಲ್ಲ ನೆಲದ ಎತ್ತರ 1,633 ಅಡಿಯೇ, ಅಂದರೆ ಆ ಅಂಚೇ ಒಂದು ಸಮೋನ್ನತಿ ರೇಖೆ. ಬೇಸಿಗೆಯಲ್ಲಿ ನೀರು ಇಳಿದಂತೆ ದಂಡೆಯ ಮೇಲೆ ಒಂದರ ಕೆಳಗೊಂದು ಉಳಿಯುವ ಗೆರೆಗಳು ಬುಟ್ಟಿಯ ಕಲ್ಲಿನ ಗೆರೆಗಳೇ ಆಗಿವೆ. ಮುನಿರಾಬಾದಿನಲ್ಲಿ ಸಂಬಂಧಿಕರಿರುವ ಹುಡುಗ ರಜೆಯಿಂದ ಬಂದವನೇ ಆ ಗೆರೆಗಳನ್ನು ಎಣಿಸಲು ಹೋಗಿ ಲೆಕ್ಕ ತಪ್ಪಿತೆಂದು ವರದಿ ಮಾಡಿದ. ಗಿಣಿಗೇರಾ, ಕೊಪ್ಪಳ, ಮುನಿರಾಬಾದ್ ಎಂದು ರೈಲಿನಲ್ಲಿ ಓಡಾಡುವ ಮಕ್ಕಳಿಗೆ ನಿಲ್ದಾಣದ ಹಳದಿ ಬೋರ್ಡಿನ ಮೇಲೆ ಬರೆದಿರುವ ಸಮುದ್ರ ಮಟ್ಟದ ಎತ್ತರವನ್ನು ಬರೆದುಕೊಂಡು ಬರಲು ಹೇಳಿದ್ದೇನೆ. ಆ ಅಂಕಿಗಳನ್ನು ಒಂದು ದಾರದ ಮೇಲೆ ಚೀಟಿಗಳಾಗಿ ತೂಗುಹಾಕುತ್ತಾ ಬಂದರೆ ನಾಡಿನ ಏರಿಳಿತ ತರಗತಿಯಲ್ಲೇ ಕಾಣುತ್ತದೆ.

ವರ್ಷದ ಕೊನೆಗೆ ಟೋಪೋಶೀಟನ್ನು ಬಿಚ್ಚಿದಾಗ ಮಕ್ಕಳು ಹೆದರಲಿಲ್ಲ. ಕಂದು ಗೆರೆಗಳು ಎತ್ತರ, ಹಸಿರು ಕಾಡು, ಹಳದಿ ಹೊಲ, ನೀಲಿ ನೀರು ಎಂಬುದನ್ನು ಬೇಗನೆ ಹಿಡಿದರು. ಹಾಳೆಯಲ್ಲಿ ಹಲವು ಹಳ್ಳಗಳು ನೀಲಿಯಾಗಿಲ್ಲ, ಕಪ್ಪು ಗೆರೆಗಳಾಗಿವೆ ಎಂಬುದನ್ನು ಮೊದಲು ಗಮನಿಸಿದವರೂ ಅವರೇ. ಬೇಸಿಗೆಯಲ್ಲಿ ಒಣಗುವ ಹಳ್ಳವನ್ನು ಕಪ್ಪು ಬಣ್ಣದಲ್ಲಿ ತೋರಿಸುವುದು ಸರ್ವೇಕ್ಷಣ ಇಲಾಖೆಯ ಪದ್ಧತಿ. ಇದನ್ನು ಹೇಳಿದಾಗ ಕುಷ್ಟಗಿ ಕಡೆಯಿಂದ ಬಂದು ಸೋದರಮಾವನ ಮನೆಯಲ್ಲಿದ್ದು ಓದುವ ಹುಡುಗ, "ನಮ್ಮೂರ ಹಳ್ಳಾನೂ ಕರೇದ ಐತ್ರಿ ಹಂಗಾರ" ಎಂದು ಮೆಲ್ಲಗೆ ಹೇಳಿದ. ಎರಡು ಮಳೆ ಬಿದ್ದಾಗ ಮಾತ್ರ ಹರಿಯುವ ಹಳ್ಳದ ಊರಿನವನಿಗೆ ಆ ಕಪ್ಪು ಗೆರೆ ಏನು ಹೇಳಿತು ಎಂಬುದು, ವರ್ಷಕ್ಕೆರಡು ಬೆಳೆ ಬೆಳೆಯುವ ನಮ್ಮ ಊರಿನ ಮಕ್ಕಳಿಗೆ ಅಂದು ಸ್ವಲ್ಪ ತಿಳಿದಂತಿತ್ತು. ಯಾರೂ ಕೆಲ ಹೊತ್ತು ಮಾತಾಡಲಿಲ್ಲ.

ನೆಲ ಹಾಕಿದ ಗೆರೆ ಬೇರೆ, ಜನ ಹಾಕಿದ ಗೆರೆ ಬೇರೆ ಎಂಬುದನ್ನೂ ಕಲಿಸಬೇಕು. ನಮ್ಮ ಶಾಲೆಯ ಹಳೆಯ ನಕ್ಷೆಯಲ್ಲಿ ಹೊಸಪೇಟೆ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದೆ, ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಶಾಲೆಗೆ ಬಂದಿದ್ದ ಒಬ್ಬ ಅಜ್ಜಿ, "ಅಕ್ಕೋರ, ನಾನು ರಾಯಚೂರು ಜಿಲ್ಲಾದಾಗ ಹುಟ್ಟೀನಿ, ಇದ ಮನ್ಯಾಗ ಹುಟ್ಟೀನಿ" ಎಂದು ಹೇಳಿದಾಗ ಮಕ್ಕಳು ಬೆರಗಾದರು. ಮನೆ ಕದಲಲಿಲ್ಲ, 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೂ ಹಿಂದೆ ನದಿಯ ಈಚೆಗೆ ನಿಜಾಮರ ಹೈದರಾಬಾದ್, ಆಚೆಗೆ ಮದ್ರಾಸ್ ಪ್ರಾಂತ ಇದ್ದವು, ಎರಡೂ ಸರಕಾರಗಳು ಸೇರಿ 1945ರಲ್ಲಿ ಅಣೆಕಟ್ಟಿನ ಕೆಲಸವನ್ನು ಆರಂಭಿಸಿದವು ಎಂದು ತಿಳಿಸಿದೆ. ಇಷ್ಟೆಲ್ಲ ಗೆರೆಗಳು ಬದಲಾದರೂ ನೀಲಿ ಗೆರೆ ಅಲ್ಲೇ ಇದೆಯಲ್ಲ ಎಂದು ಒಬ್ಬಳು ಬೆರಳಿಟ್ಟು ತೋರಿಸಿದಳು.

ಮೊದಲು ಪ್ರಶ್ನೆ ಕೇಳಿದ ಹುಡುಗಿ ಮಾರ್ಚ್ ತಿಂಗಳಲ್ಲಿ ತನ್ನ ಊರಿನ ನಕ್ಷೆಯನ್ನು ಬರೆದು ತಂದಳು. ಅದರಲ್ಲಿ ಉತ್ತರದ ಬಾಣವಿತ್ತು, ಬೆಂಕಿಕಡ್ಡಿಯ ಅಳತೆಯಿತ್ತು, ಗುಡ್ಡಕ್ಕೆ ಮೂರು ಸುತ್ತು ಕಂದು ಗೆರೆಗಳಿದ್ದವು. ಅಪ್ಪ ಬದು ಕಡಿಯುವ ಐದು ಜಾಗಗಳಿಗೆ ಒಂದೊಂದು ಸಣ್ಣ ಬಾಣವನ್ನು ಹಾಕಿ, ಬಾಣದ ಹಿಂದೆ ಎತ್ತರ, ಮುಂದೆ ತಗ್ಗು ಎಂದು ಬರೆದಿದ್ದಳು. ಐದರಲ್ಲಿ ಎರಡು ಬಾಣಗಳು ಕಾಗದದ ಉತ್ತರದ ಅಂಚಿನ ಕಡೆಗೆ ಹೋಗುತ್ತಿದ್ದವು, ಅದರ ಬಗ್ಗೆ ಅವಳು ಏನೂ ಕೇಳಲಿಲ್ಲ. ಗೋಡೆಯ ನಕ್ಷೆಯನ್ನು ನಾವು ಈಗ ಸುತ್ತಿ ಕಪಾಟಿನಲ್ಲಿ ಇಡುತ್ತೇವೆ, ಬೇಕಾದಾಗ ನೆಲದ ಮೇಲೆ ಹಾಸುತ್ತೇವೆ. ಖಾಲಿಯಾದ ಮೊಳೆಗೆ ನೆರಳಿನ ಕೋಲನ್ನು ತೂಗುಹಾಕಿದ್ದೇವೆ.